ಪುದಿಯಾಪ್ಲೆಗೆ ಬೀಳದ ಪೆಟ್ಟು

ಒಂದೂವರೆ ವರ್ಷ ನಾನು ಸಾಯಲೇ ಇಲ್ಲ. ಆಟದಲ್ಲಿ ಎಂದು ಸೇರಿಸಬೇಕು. ಪಾಣೆಮಂಗಳೂರಿನ ನನ್ನ ಹೆಂಡತಿಯ ಮನೆಯ ಚಾವಡಿಯಲ್ಲಿ, ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ನಾವು ಮೂವರು ಕೂತು ಆಡುತ್ತಿದ್ದ ಕಥೆಯಾಟ ಅದು. ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ದಾಳ, ಇಷ್ಟೇ ಸಾಮಾನು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯನಾಗಿ, ನಾನು ಬಾಗಿಲು ಒದೆಯುತ್ತೇನೆ, ನಾನು ಕತ್ತಿ ಹಿರಿಯುತ್ತೇನೆ ಎನ್ನುತ್ತಾರೆ. ಒದ್ದಾಗ ಬಾಗಿಲು ತೆರೆಯಿತೋ ಕಾಲು ಉಳುಕಿತೋ ಎಂಬುದನ್ನು ದಾಳ ಹೇಳುತ್ತದೆ.

ಈ ಆಟ ತಂದವನು ನನ್ನ ಹೆಂಡತಿಯ ತಮ್ಮ. ದುಬಾಯಿಯಲ್ಲಿ ಆರು ವರ್ಷ ಇದ್ದಾಗ ಅವನ ರೂಮಿನಲ್ಲಿದ್ದ ಫಿಲಿಪೀನ್ಸಿನ ಹುಡುಗರಿಂದ ಕಲಿತದ್ದಂತೆ. ಊರಿಗೆ ವಾಪಸು ಬಂದು ಪೇಟೆಯಲ್ಲಿ ಮೊಬೈಲು ರಿಪೇರಿಯ ಅಂಗಡಿ ಹಾಕಿದ. ಇನ್ನೊಬ್ಬ ಅವನ ಕಾಲೇಜು ಗೆಳೆಯ, ಲಾಯಿಲದವನು. ಬೆಳಿಗ್ಗೆ ಮನೆಯ ರಬ್ಬರ್ ಮರಗಳ ಟ್ಯಾಪಿಂಗ್ ಮುಗಿಸಿ, ಮರದ ಹಾಲನ್ನು ಅಚ್ಚಿಗೆ ಹೊಯ್ದಿಟ್ಟು, ಸ್ನಾನ ಮಾಡಿ ಬೈಕಿನಲ್ಲಿ ಬರುತ್ತಿದ್ದ. ಎಷ್ಟು ಸೋಪು ಹಾಕಿ ತಿಕ್ಕಿದರೂ ರಬ್ಬರಿನ ವಾಸನೆ ಅವನ ಜೊತೆಗೇ ಬರುತ್ತಿತ್ತು. ಕಥೆ ನಡೆಸುತ್ತಿದ್ದ ನನ್ನ ಹೆಂಡತಿಯ ತಮ್ಮನಿಗೆ, ಯಕ್ಷಗಾನದವರ ಹಾಗೆ, 'ಭಾಗವತ' ಎಂದು ಹೆಸರಿಟ್ಟದ್ದು ಇವನೇ. ಭಾಗವತನ ಮುಂದೆ ಹಳೆಯ ಕ್ಯಾಲೆಂಡರಿನ ರಟ್ಟನ್ನು ಮಡಚಿ ನಿಲ್ಲಿಸಿದ ಒಂದು ಮರೆ. ಶತ್ರುಗಳ ದಾಳ ಆ ಮರೆಯ ಹಿಂದೆ ಉರುಳುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ.

ನನ್ನ ಮನುಷ್ಯ ಕತ್ತಿವರಸೆಯವ. ನಲವತ್ತು 'ಜೀವ'ದ, ಅಂದರೆ ಪೆಟ್ಟು ಬಿದ್ದಷ್ಟು ಕಳೆಯುವ ನಲವತ್ತು ಅಂಕದ, ಗಟ್ಟಿ ಆಸಾಮಿ. ಆ ಮನೆಯಲ್ಲಿ ನನ್ನ ಬುದ್ಧಿಯಿಂದ ನಾನೇ ನಿರ್ಧಾರ ಮಾಡಿ ಎತ್ತಲಾದರೂ ನಡೆಯುತ್ತಿದ್ದದ್ದು ಅವನೊಬ್ಬನ ಕಾಲಿನಲ್ಲಿ ಮಾತ್ರ. ಇದು ಉತ್ಪ್ರೇಕ್ಷೆಯಲ್ಲ, ಹೇಳುತ್ತೇನೆ.

ನಮ್ಮ ಬ್ಯಾರಿಗಳಲ್ಲಿ, ಎಲ್ಲ ಮನೆಗಳಲ್ಲಿ ಅಲ್ಲದಿದ್ದರೂ ಹಲವು ಮನೆಗಳಲ್ಲಿ, ಮದುವೆಯಾದ ಗಂಡು ಹೆಣ್ಣಿನ ಮನೆಗೆ ಹೋಗಿ ಇರುತ್ತಾನೆ. ಅವನನ್ನು ಪುದಿಯಾಪ್ಲೆ ಎನ್ನುತ್ತಾರೆ. ಹೊಸ ಮದುಮಗ ಎಂದು ಅರ್ಥ. ಈ ಹೊಸತಿಗೆ ಅವಧಿ ಇಲ್ಲ. ನನ್ನ ಮದುವೆಯಾಗಿ ಒಂಬತ್ತು ವರ್ಷ, ತಲೆಯ ಮುಂಭಾಗದ ಕೂದಲು ಹೋಗಿ ಮೂರು ವರ್ಷ. ಆದರೂ ನಾನು ಗೇಟು ತೆಗೆದ ಸದ್ದಾದರೆ ಸಾಕು, ಒಳಗಿನಿಂದ 'ಪುದಿಯಾಪ್ಲೆ ಬಂದರು' ಎಂಬ ಪಿಸುಮಾತು ಕೇಳಿಸುತ್ತಿತ್ತು. ಟೀವಿಯ ದನಿ ಇಳಿಯುತ್ತಿತ್ತು. ಚಾವಡಿಯ ಆರಾಮ ಕುರ್ಚಿಯಲ್ಲಿ ಕೂತಿದ್ದ ಮಾಮ, ಅಂದರೆ ನನ್ನ ಮಾವ, ಮಂಡಿ ಹಿಡಿದುಕೊಂಡು ಎದ್ದು ನಿಂತು, 'ಕೂತುಕೊಳ್ಳಿ' ಎಂದು ಆ ಕುರ್ಚಿಯನ್ನೇ ತೋರಿಸುತ್ತಿದ್ದರು. ನಾನು ಕೂರುವವರೆಗೆ ಅವರೂ ಕೂರುವುದಿಲ್ಲ. ಆದ್ದರಿಂದ ನಾನು ಕೂರುತ್ತಿದ್ದೆ.

ಊಟಕ್ಕೆ ಅಂಜಲು ಮೀನಿನ ನಡುತುಂಡು ನನಗೆ. ಅಕ್ಕಿರೊಟ್ಟಿಯ ಹಾಗಿರುವ ಪತ್ತಿರ್ ಬಿಸಿ ಆರುವ ಮೊದಲು ಇನ್ನೊಂದು ಬಂದು ಬೀಳುತ್ತಿತ್ತು. ತಿಂದ ಬಟ್ಟಲು ನಾನು ಎತ್ತುವ ಹಾಗಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ ನೀರು ಕುಡಿಯುವ ಹಾಗಿಲ್ಲ. ಒಮ್ಮೆ ಮಧ್ಯಾಹ್ನ ಬಾಯಾರಿ ಒಳಗೆ ಹೋಗಿ ಹೂಜಿಗೆ ಕೈ ಹಾಕಿದ್ದಕ್ಕೆ ಮಾಮಿ, ನನ್ನ ಅತ್ತೆ, ತಮ್ಮಿಂದ ಏನೋ ಕಡಿಮೆಯಾಯಿತೆಂದು ಎರಡು ದಿನ ಮಂಕಾಗಿದ್ದರು. ಅವರು ನನ್ನೊಡನೆ ನೇರವಾಗಿ ಮಾತಾಡುವುದು ಅಪರೂಪ. ಬಾಗಿಲ ಹಿಂದೆ ನಿಂತು, ಮಗಳಿಗೆ ಹೇಳಿದ ಹಾಗೆ ನನಗೆ ಹೇಳುತ್ತಿದ್ದರು.

ಇದನ್ನು ಯಾರ ಹತ್ತಿರ ದೂರುವುದು? 'ಮಾವನ ಮನೆಯವರು ನನಗೆ ತುಂಬ ಮರ್ಯಾದೆ ಕೊಡುತ್ತಾರೆ, ಕಾಪಾಡಿ' ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿದರೆ ಜನ ನಗುತ್ತಾರೆ. ನಾನೇ ನಗಬೇಕು. ಆದರೆ ಉಸಿರು ಕಟ್ಟುವುದಕ್ಕೆ ಕುತ್ತಿಗೆಯನ್ನೇ ಹಿಸುಕಬೇಕೆಂದಿಲ್ಲ. ಒಂಬತ್ತು ವರ್ಷ ನಾನು ಆ ಮನೆಯಲ್ಲಿ ಜೋರಾಗಿ ಆಕಳಿಸಿದವನಲ್ಲ.

ನನ್ನ ಶಾಲೆ ಇರುವುದು ಪುತ್ತಿಗೆಯಲ್ಲಿ. ನಾನು ಲೆಕ್ಕದ ಮಾಷ್ಟ್ರು. ಬೆಳಿಗ್ಗೆ ಸೇತುವೆ ದಾಟಿ ಬಿ.ಸಿ. ರೋಡು, ಅಲ್ಲಿಂದ ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆ, ಅಲ್ಲಿಂದ ಇನ್ನೊಂದು ಬಸ್ಸು. ಸಂಜೆ ಅದೇ ತಿರುಗಾಮುರುಗಾ. ದಿನಕ್ಕೆ ಮೂರು ಗಂಟೆ ಬಸ್ಸಿನ ಕಂಬಿ ಹಿಡಿದು ಕಳೆಯುತ್ತಿದ್ದೆ. ದಾರಿಯಲ್ಲಿ ನಾನು ಹುಟ್ಟಿದ ಮನೆಯ ಸ್ಟಾಪೂ ಸಿಗುತ್ತದೆ. ಅಲ್ಲಿ ನನ್ನ ತಂಗಿ ಇದ್ದಾಳೆ, ನನ್ನ ಹಳೆಯ ಕೋಣೆಯಲ್ಲಿ ಅವಳ ಗಂಡ ಇದ್ದಾನೆ. ಅವನು ಆ ಮನೆಯ ಪುದಿಯಾಪ್ಲೆ. ನಾನು ಹೋದರೆ ಚಾಯ ಕೊಡುತ್ತಾರೆ, ಮಾತಾಡಿಸುತ್ತಾರೆ, ಬಸ್ಸಿಗೆ ಹೊತ್ತಾಯಿತಾ ಎಂದು ಕೇಳುತ್ತಾರೆ.

ಕಳೆದ ಜನವರಿಯಲ್ಲಿ ಪುತ್ತಿಗೆಯಲ್ಲೇ ಶಾಲೆಯಿಂದ ಕಾಲುನಡಿಗೆಯ ದೂರಕ್ಕೆ ಒಂದು ಬಾಡಿಗೆ ಮನೆ ಸಿಕ್ಕಿತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಆ ಅಡುಗೆಮನೆಯಲ್ಲಿ ನಿಂತು ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಕುಡಿದೆ. ಯಾರೂ ಓಡಿ ಬರಲಿಲ್ಲ. ಮನೆಯ ಯಜಮಾನರು, ಮೇ ತಿಂಗಳ ಕೊನೆಯವರೆಗೆ ಬೇರೆಯವರಿಗೆ ಕೊಡುವುದಿಲ್ಲ, ಅಷ್ಟರೊಳಗೆ ಹೇಳಿ ಎಂದರು. ಜೂನಿನಲ್ಲಿ ಮಗಳನ್ನೂ ನನ್ನ ಶಾಲೆಗೇ ಸೇರಿಸಬಹುದು ಎಂಬ ಲೆಕ್ಕ ನನ್ನದು.

ಹೆಂಡತಿಗೆ ಹೇಳಿದೆ. ಅವಳು, "ನಾನು ಬರ್ತೇನೆ. ಆದರೆ ಬಾಪನಿಗೆ ನೀವೇ ಹೇಳಬೇಕು. ನಾನು ಹೇಳಿದರೆ ಮಗಳಿಗೆ ಮನೆ ಬೇಡವಾಯಿತು ಅಂತ ಆಗ್ತದೆ" ಎಂದಳು.

ಮೂರು ಸಲ ಹೇಳಲು ಹೋದೆ. ಮೂರು ಸಲವೂ ಮಾಮ ಮಂಡಿ ಹಿಡಿದುಕೊಂಡು ಎದ್ದರು, ಕುರ್ಚಿ ಬಿಟ್ಟರು, ಒಳಗೆ ಚಾಯಕ್ಕೆ ಕೂಗಿದರು. ಒಬ್ಬ ಮನುಷ್ಯ ತನ್ನ ಕುರ್ಚಿಯನ್ನು ಬಿಟ್ಟುಕೊಟ್ಟು ಎದುರಿಗೆ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತಿರುವಾಗ, 'ನಿಮ್ಮ ಮನೆ ನನಗೆ ಸಾಕಾಯಿತು' ಎಂದು ಹೇಳುವುದು ಹೇಗೆ? ಮೂರು ಸಲವೂ ಮಳೆ, ಅಡಿಕೆ, ಬಸ್ಸಿನ ರಶ್ಶು ಮಾತಾಡಿ ಎದ್ದು ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಸಿಟ್ಟನ್ನೆಲ್ಲ ನಾನು ಆಟದ ನಿಯಮಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಭಾಗವತನ ಮೊಬೈಲಿನಲ್ಲಿದ್ದ ನಿಯಮದ ಪುಸ್ತಕದಲ್ಲಿ ಕತ್ತಿಯುದ್ಧ ಎಂದರೆ ರೇಷನ್ ಅಂಗಡಿಯ ಕ್ಯೂ. ಇಬ್ಬರು ಎದುರುಬದುರು ನಿಂತು, ಒಮ್ಮೆ ನೀನು ಹೊಡೆ, ಒಮ್ಮೆ ನಾನು ಹೊಡೆಯುತ್ತೇನೆ. ನಲವತ್ತು ಜೀವದಲ್ಲಿ ಮೂವತ್ತೊಂಬತ್ತು ಹೋಗಿ ಒಂದೇ ಉಳಿದವನೂ ಮೊದಲಿನಷ್ಟೇ ಜೋರಾಗಿ ಬೀಸುತ್ತಾನೆ. ಕಬ್ಬಿಣದ ಅಂಗಿ ಹಾಕಿದರೆ ಪೆಟ್ಟಿನ ನೋವು ಕಡಿಮೆಯಾಗುವ ಬದಲು ಪೆಟ್ಟೇ ತಪ್ಪುತ್ತದೆ. ಕಬ್ಬಿಣ ನೋಡಿ ಕತ್ತಿ ನಾಚಿಕೊಂಡು ಪಕ್ಕಕ್ಕೆ ಹೋಗುತ್ತದೇನು ಎಂದು ನಾನು ಕೇಳುತ್ತಿದ್ದೆ. ಭಾಗವತ, "ಭಾವ, ಇದು ಆಟ ಅಲ್ಲವಾ" ಎನ್ನುತ್ತಿದ್ದ. ಲಾಯಿಲದವನು ಚಿಪ್ಸು ತಿನ್ನುತ್ತ ಇಬ್ಬರಿಗೂ ತಲೆ ಆಡಿಸುತ್ತಿದ್ದ.

ಅಂಥ ಒಂದು ಭಾನುವಾರ, ಪೇಪರಿನ ಹಿಂದಿದ್ದ ಮಾಮ ಮೂಗಿನಿಂದ ಸಣ್ಣ ಸದ್ದು ಮಾಡಿದರು. ಅದು ನಗು ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು.

ಮಾಮನಿಗೆ ಮರದ ಡಿಪೋ ಇತ್ತು, ಈಗ ಕೊಟ್ಟುಬಿಟ್ಟಿದ್ದಾರೆ. ಪ್ರಾಯದಲ್ಲಿ ಅವರು ತಾಲೀಮಿನ ಉಸ್ತಾದರಾಗಿದ್ದರು. ಮೆರವಣಿಗೆಗಳ ಮುಂದೆ ಕೋಲು, ಕತ್ತಿ, ಬೆಂಕಿಯ ವರಸೆ ತೋರಿಸುವುದೇ ತಾಲೀಮು. ಯಾರ ಹಬ್ಬಕ್ಕಾದರೂ ಕರೆಯುತ್ತಿದ್ದ ಕಾಲವಂತೆ ಅದು, ಶಿಷ್ಯರಲ್ಲೂ ಎಲ್ಲರೂ ಇದ್ದರಂತೆ. ಆಮೇಲೆ ನಮ್ಮ ಕಡೆ ತಲವಾರು ಎಂಬ ಪದ ಪೇಪರಿನಲ್ಲಿ ಬೇರೆ ರೀತಿಯ ಸುದ್ದಿಗಳ ಜೊತೆ ಬರತೊಡಗಿತು. ಮಾಮ ತಮ್ಮ ಎರಡು ಕತ್ತಿಗಳನ್ನು ಗೋಣಿಯಲ್ಲಿ ಸುತ್ತಿ ಕಮ್ಮಾರನ ಹತ್ತಿರ ಒಯ್ದರು. ಒಂದು ಈಗ ಅಡುಗೆಮನೆಯಲ್ಲಿ ಮೀನು ಕೊಯ್ಯುವ ಮೆಟ್ಟುಕತ್ತಿಯಾಗಿದೆ. ನನ್ನ ಅಂಜಲಿನ ನಡುತುಂಡನ್ನು ಕೊಯ್ಯುತ್ತಿದ್ದದ್ದು ಅದೇ. ಬೆತ್ತದ ಎರಡು ಕೋಲು ಮಾತ್ರ ಬಾಗಿಲ ಹಿಂದೆ ಉಳಿದಿದ್ದವು.

"ಎಂತ ಬಾಪ, ನಗುವುದು?" ಎಂದು ಭಾಗವತ ಕೇಳಿದ. ಮನೆಯ ಮಾತು ಬ್ಯಾರಿಭಾಷೆ. ಲಾಯಿಲದವನು ಇದ್ದಾಗ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದೆವು.

"ಎದೆಗೆ ಹೊಡೆದೆ, ತಲೆಗೆ ಹೊಡೆದೆ ಅಂತ ಒಂದು ವರ್ಷದಿಂದ ಹೇಳ್ತಾ ಇದ್ದೀರಿ" ಎಂದರು ಮಾಮ. "ತಲೆ ದೂರ ಉಂಟು. ಎದೆಯೂ ದೂರ ಉಂಟು. ಹತ್ತಿರ ಇರುವುದು ಎಂತದು? ಕತ್ತಿ ಹಿಡಿದ ಕೈ. ಬುದ್ಧಿ ಇದ್ದವ ಅದಕ್ಕೇ ಹೊಡೆಯುವುದು."

ಅವರು ಮಗನನ್ನು ಅಂಗಳಕ್ಕೆ ಕರೆದು ಒಂದು ಬೆತ್ತ ಕೊಟ್ಟರು. ಮಗ ಬೀಸಿದ. ಮಾಮ ಒಂದು ಹೆಜ್ಜೆ ಹಿಂದೆ ಹೋದರು. ಆ ಕಾಲಿಗೆ ಮಂಡಿನೋವು ಇದೆಯೆಂದು ಯಾರೂ ನಂಬುತ್ತಿರಲಿಲ್ಲ. ಮಗ ಮತ್ತೆ ಬೀಸಿದ, ಅವರು ಮತ್ತೆ ಹಿಂದೆ. ಮೂರನೆಯದಕ್ಕೆ ಅವರ ಬೆತ್ತದ ತುದಿ ಮಗನ ಬೆರಳಿನ ಗೆಣ್ಣಿಗೆ ಟಕ್ಕೆಂದಿತು. ಅವನು ಉಮ್ಮಾ ಎಂದು ಕೈ ಕೊಡವಿದ. ಲಾಯಿಲದವನಿಗೂ ಅದೇ ಪಾಠವಾಯಿತು. ಮರುದಿನ ಅವನಿಗೆ ಟ್ಯಾಪಿಂಗ್ ಚಾಕು ಹಿಡಿಯಲು ಆಗಲಿಲ್ಲವಂತೆ.

"ಹಿಂದೆ ಹೋಗಲಿಕ್ಕೆ ಜಾಗ ಇರುವವರೆಗೆ ಹೊಡೆಯುವ ಅಗತ್ಯ ಇಲ್ಲ" ಎಂದರು ಮಾಮ. "ಜಾಗ ಮುಗಿಯಿತು ಅಂತ ಆದಾಗ ಕೈಗೆ ಒಂದು. ಅಷ್ಟೇ ಯುದ್ಧ. ಬಾಕಿ ಎಲ್ಲ ಜನ ನೋಡಲಿಕ್ಕೆ ಮಾಡುವುದು."

ನಾನು ಎದ್ದು ಕೈ ಚಾಚಿದೆ, ನನಗೂ ಒಂದು ಬೆತ್ತ ಕೊಡಿ ಎಂಬಂತೆ. ಮಾಮ ಬೆತ್ತಗಳನ್ನು ಬಾಗಿಲ ಹಿಂದೆ ಇಟ್ಟು, "ನೀವು ಕೂತುಕೊಳ್ಳಿ, ಬಿಸಿಲುಂಟು" ಎಂದರು.

ಅಂದೇ ನಾವು ನಮ್ಮದೇ ಒಂದು ನಿಯಮ ಬರೆದೆವು. ಶತ್ರುವಿನ ದಾಳ ಹದಿನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಪೆಟ್ಟು. ಆಮೇಲೆ ಇನ್ನೊಂದು ದಾಳ ಹಾಕಬೇಕು, ಅದು ಬೆಸವಾದರೆ ಪೆಟ್ಟು ಕೈಗೆ, ಕೈಯಿಂದ ಕತ್ತಿ ಜಾರುತ್ತದೆ. ಕತ್ತಿ ಜಾರಿದವ ಬದುಕುವುದು ಕಷ್ಟ. ಒಂದೇ ತಿಂಗಳಲ್ಲಿ ಲಾಯಿಲದವನ ಮನುಷ್ಯರು ಮೂವರು ಸತ್ತರು. ಅವನು ಪ್ರತಿ ಸಲ ಹೊಸ ಹೆಸರು ಬರೆದುಕೊಂಡು ಬರುತ್ತಿದ್ದ. ನನ್ನವನು ಮಾತ್ರ ಹತ್ತೂ ಬೆರಳು ಇಟ್ಟುಕೊಂಡು ನಡೆಯುತ್ತಿದ್ದ. ನನ್ನ ತಂತ್ರಗಾರಿಕೆ ಎಂದು ನಾನು ಒಳಗೊಳಗೆ ಬೀಗಿದ್ದೆ. ಲೆಕ್ಕದ ಮಾಷ್ಟ್ರಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ರಂಜಾನ್ ತಿಂಗಳು ಆಟಕ್ಕೆ ರಜೆ. ಹಬ್ಬ ಕಳೆದ ಮೇಲಿನ ಒಂದು ಭಾನುವಾರ ನಾವು ಲಾಯಿಲದಲ್ಲಿ, ಗೆಳೆಯನ ಮನೆಯಲ್ಲಿ ಆಡಿದೆವು. ಭಾಗವತನಿಗೆ ಅಲ್ಲೇ ಹತ್ತಿರ ಯಾರದೋ ಮೊಬೈಲು ಕೊಡುವುದಿತ್ತು, ಹೋದ. ಲಾಯಿಲದವನು ನನ್ನನ್ನು ಬೈಕಿನಲ್ಲಿ ಬೆಳ್ತಂಗಡಿಯ ಬಸ್ ಸ್ಟ್ಯಾಂಡಿಗೆ ಬಿಟ್ಟ. ಬಿಟ್ಟವನು ಹೋಗದೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತ.

"ಸರ್, ಒಂದು ಮಾತು ಹೇಳ್ತೇನೆ. ಬೇಸರ ಮಾಡಬಾರದು."

"ಹೇಳು ಮಾರಾಯ."

"ನಿಮಗೆ ಪೆಟ್ಟು ಬರುವಾಗ ಭಾಗವತ ದಾಳ ನೋಡುವುದೇ ಇಲ್ಲ. ರಟ್ಟಿನ ಹಿಂದೆ ಉರುಳಿಸ್ತಾನೆ, ನಿಮ್ಮ ಮುಖ ನೋಡ್ತಾನೆ, ತಪ್ಪಿತು ಅಂತಾನೆ. ಒಂದು ಸಲ ನಾನು ಬಗ್ಗಿ ನೋಡಿದೆ. ಹತ್ತೊಂಬತ್ತು ಬಿದ್ದಿತ್ತು."

"ನೀನು ಕೇಳಲಿಲ್ಲವಾ ಅವನ ಹತ್ತಿರ?"

"ಕೇಳಿದೆ ಸರ್. ಮನೆಯ ಪುದಿಯಾಪ್ಲೆಯನ್ನು ಕೊಲ್ಲುವುದುಂಟಾ ಮಾರಾಯ ಅಂದ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನನ್ನ ಆಟದ ಪುಸ್ತಕ ತೆಗೆದೆ. ಪ್ರತಿ ಹೊಡೆತವನ್ನೂ ಗೀಟು ಹಾಕಿ ಬರೆದಿಡುವ ಚಾಳಿ ನನ್ನದು. ಹೊಸ ನಿಯಮ ಬಂದ ಮೇಲೆ ನಲವತ್ತೊಂದು ಸಲ ನನ್ನ ಮೇಲೆ ಕತ್ತಿ ಬಂದಿತ್ತು. ಕೈಗೆ ಒಂದೂ ಇಲ್ಲ. ಮೈಗೆ ಎರಡು ತರಚುಗಾಯ, ಅದೂ ನನಗೆ ಸಂಶಯ ಬರಬಾರದು ಎಂದು ದಯಪಾಲಿಸಿದ್ದಿರಬೇಕು. ಇದು ಹತ್ತನೆಯ ತರಗತಿಯ ಮಕ್ಕಳು ಮಾಡಬಹುದಾದ ಲೆಕ್ಕ. ಮಾಡಿದೆ. ಇಷ್ಟು ಅದೃಷ್ಟ ಮನುಷ್ಯನಿಗೆ ಇರುವುದಿಲ್ಲ.

ಅವಮಾನವಾಯಿತು. ನಲವತ್ತರ ಹತ್ತಿರದ ಗಂಡಸು ಕಾಗದದ ಕತ್ತಿಯ ವಿಷಯಕ್ಕೆ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡ ಎಂದು ಬರೆಯಲು ಈಗಲೂ ಮುಜುಗರ. ಆದರೆ ಅಳು ಬಂದದ್ದು ಕತ್ತಿಗಲ್ಲ. ಆ ಮನೆಯಲ್ಲಿ ನನಗೆಂದು ಉಳಿದಿದ್ದ ಒಂದೇ ಒಂದು ಬಯಲು ಅದಾಗಿತ್ತು. ಅಲ್ಲೂ ಇವರು ನನಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಟ್ಟಿದ್ದರು.

ಬಿ.ಸಿ. ರೋಡಿನ ಹತ್ತಿರ ಬಸ್ಸು ನಿಂತಾಗ ಇನ್ನೊಂದು ನೆನಪಾಯಿತು. ತಂಗಿಯ ಮದುವೆಯಾದ ಹೊಸತರಲ್ಲಿ ನಾನೂ ಅವಳ ಗಂಡನೂ ಕ್ಯಾರಂ ಆಡುತ್ತಿದ್ದೆವು. ಅವನಿಗೆ ಪ್ರತಿ ಸಲ ರಾಣಿಯನ್ನು ಬಿಟ್ಟುಕೊಟ್ಟವನು ನಾನೇ. ತೂತಿನ ಬಾಯಿಯಲ್ಲಿದ್ದ ಕಾಯಿಯನ್ನೂ ಬೇಕೆಂದೇ ತಪ್ಪಿಸುತ್ತಿದ್ದೆ. ಎರಡು ವರ್ಷದ ಮೇಲೆ ಅವನು ಕ್ಯಾರಂ ಆಡುವುದನ್ನೇ ಬಿಟ್ಟ. ಆಸಕ್ತಿ ಇಲ್ಲದವ ಎಂದುಕೊಂಡಿದ್ದೆ.

ಮೇ ತಿಂಗಳ ಕೊನೆಯ ಭಾನುವಾರ ಬಂತು. ಮನೆಯ ಯಜಮಾನರು ಶುಕ್ರವಾರವೇ ಫೋನು ಮಾಡಿ, ಬೇರೆ ಒಬ್ಬರು ನೋಡಿ ಹೋಗಿದ್ದಾರೆ, ಸೋಮವಾರ ಬೆಳಿಗ್ಗೆ ನನಗೆ ಒಂದು ಮಾತು ಬೇಕು ಎಂದಿದ್ದರು. ಹೆಂಡತಿ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಿದಳು. ನಾನು ಅನ್ನ ನೋಡಿದೆ. ಊಟ ಮುಗಿಸಿ ಆಟಕ್ಕೆ ಕೂತಾಗ ಕೈ ಚಾಚಿ ಭಾಗವತನ ಮುಂದಿದ್ದ ರಟ್ಟನ್ನು ಮಡಚಿ ಕೆಳಗಿಟ್ಟೆ.

"ಇವತ್ತು ಎಲ್ಲರಿಗೂ ಕಾಣುವ ಹಾಗೆ ಹಾಕು" ಎಂದೆ.

ಅವನು ಲಾಯಿಲದವನನ್ನು ಒಮ್ಮೆ ದುರುಗುಟ್ಟಿ ನೋಡಿದ. "ಬೇಡ ಭಾವ. ಸುಮ್ಮನೆ ಎಂತಕ್ಕೆ?"

"ಹಾಕು."

ಕಥೆಯಲ್ಲಿ ನಾನು ಒಂದು ಹಳೆಯ ಕೋಟೆಯ ಮೆಟ್ಟಿಲ ಮೇಲೆ ಇಬ್ಬರು ಕಾವಲುಗಾರರ ಎದುರು ನಿಂತಿದ್ದೆ. ದಾಳ ನೆಲದ ಮೇಲೆ ಉರುಳಿ ಹದಿನೇಳು ಬಿತ್ತು. ಎರಡನೆಯದು ಬೆಸ. ನನ್ನ ಕತ್ತಿ ಜಾರಿತು. ಮುಂದಿನ ಮೂರು ಸುತ್ತಿನಲ್ಲಿ, ಒಂದೂವರೆ ವರ್ಷ ಸಾಯದವನು ಮೆಟ್ಟಿಲ ಮೇಲೆ ಸತ್ತು ಬಿದ್ದ. ಭಾಗವತನ ಮುಖ ನಿಜಕ್ಕೂ ಯಾರೋ ಸತ್ತ ಹಾಗೆ ಆಗಿತ್ತು. "ಕ್ಷಮಿಸಿ ಭಾವ" ಎಂದ. ಬಾಗಿಲ ಹಿಂದಿನಿಂದ ಮಾಮಿ, "ಪುದಿಯಾಪ್ಲೆಗೆ ಎಂತ ಆಯಿತು?" ಎಂದು ಕೇಳಿದರು.

ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಕ್ಷಮೆ ಕೇಳಿದ ಪೆಟ್ಟು ಪೆಟ್ಟೇ ಅಲ್ಲ. ನಾನು ಎದ್ದು ಬಾಗಿಲ ಹಿಂದಿನ ಎರಡೂ ಬೆತ್ತಗಳನ್ನು ತಂದು ಒಂದನ್ನು ಮಾಮನ ಮುಂದೆ ಹಿಡಿದೆ.

"ನನಗೂ ತೋರಿಸಿ ಮಾಮ."

"ಛೆ. ನಿಮ್ಮ ಮೇಲೆ ಕೈ ಎತ್ತುವುದುಂಟಾ? ಕೂತುಕೊಳ್ಳಿ."

"ಕೂರುವುದಿಲ್ಲ" ಎಂದೆ. ಆ ಮನೆಯಲ್ಲಿ ನಾನು ಇಲ್ಲ ಎಂದ ಮೊದಲನೆಯ ಮಾತು ಅದೇ ಇರಬೇಕು. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

ಮಾಮ ಬೆತ್ತ ಹಿಡಿದು ಅಂಗಳಕ್ಕೆ ಇಳಿದರು. ಪುದಿಯಾಪ್ಲೆ ಕೇಳಿದ್ದನ್ನು ಇಲ್ಲ ಎನ್ನುವ ಹಾಗೂ ಇಲ್ಲ, ಪಾಪ. ನಾನು ಬೀಸಿದೆ. ಅವರು ಹಿಂದೆ ಹೋದರು. ನಾನು ಮತ್ತೆ ಬೀಸಿದೆ, ಅವರು ಮತ್ತೆ ಹಿಂದೆ. ಹೊಡೆಯಲು ಬೇಕಾದಷ್ಟು ಅವಕಾಶವಿತ್ತು, ನನ್ನ ಕೈ ಪೂರ್ತಿ ತೆರೆದಿತ್ತು, ನನಗೇ ಗೊತ್ತಾಗುತ್ತಿತ್ತು. ಅವರ ಬೆತ್ತ ಮೇಲೇಳಲಿಲ್ಲ. ಮುಖದಲ್ಲಿ ಅತಿಥಿಗೆ ತೋರಿಸುವ ಅದೇ ನಗು. ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಬಾವಿಯ ಪಕ್ಕದಿಂದ, ಬಟ್ಟೆಯ ಹಗ್ಗದ ಅಡಿಯಿಂದ, ತೆಂಗಿನಕಾಯಿ ರಾಶಿಯ ಬದಿಯಿಂದ ಅವರನ್ನು ದಬ್ಬಿಕೊಂಡು ಹೋದೆ. ಎಪ್ಪತ್ತು ದಾಟಿದವರು, ಮಂಡಿನೋವಿನವರು ಎಂಬ ಪ್ರಜ್ಞೆಯೂ ಇರಲಿಲ್ಲ. ಹೆಂಡತಿ ಚಾವಡಿಗೆ ಬಂದು ನನ್ನನ್ನು ಕೂಗಿದ್ದು ಕೇಳಿಸಿತು. ಮಾಮನ ಬೆನ್ನು ಕೆಂಪುಕಲ್ಲಿನ ಕಂಪೌಂಡಿಗೆ ತಾಗಿತು. ಇನ್ನು ಹಿಂದೆ ಹೋಗಲು ಜಾಗ ಇರಲಿಲ್ಲ. ನಾನು ಬೆತ್ತ ಎತ್ತಿದೆ.

ಅವರದು ಬಂದದ್ದು ನನಗೆ ಕಾಣಲಿಲ್ಲ. ಬಲಗೈಯ ಗೆಣ್ಣಿನಲ್ಲಿ ಬೆಂಕಿ ಹತ್ತಿತು, ಬೆತ್ತ ಅಂಗಳದಲ್ಲಿ ಬಿದ್ದು ಉರುಳಿತು, ನಾನು ಕೈಯನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತೆ.

ಮಾಮಿ ಬಾಗಿಲ ಹಿಂದಿನಿಂದ ಹೊರಗೆ ಬಂದು ತಲೆಯ ಮೇಲೆ ಕೈಯಿಟ್ಟು ನಿಂತರು. ಮಾಮ ತಮ್ಮ ಕೈಯಲ್ಲಿದ್ದ ಬೆತ್ತವನ್ನೇ ನೋಡುತ್ತಿದ್ದರು. ಆಮೇಲೆ ಅದನ್ನು ಎಸೆದು, ನನ್ನ ಎದುರು ಕಷ್ಟಪಟ್ಟು ಬಗ್ಗಿ, "ಕೈ ತೋರಿಸು" ಎಂದರು. ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

"ಮುರಿಯಲಿಲ್ಲ. ಕೈಯನ್ನು ಕತ್ತಿಗಿಂತ ಮುಂದೆ ಯಾರಾದರೂ ತರ್ತಾರಾ? ಕತ್ತೆ."

ನನಗೆ ನಗು ಬಂತು. ನೋವಿಗೆ ಕಣ್ಣೀರೂ ಬರುತ್ತಿತ್ತು. ಒಂಬತ್ತು ವರ್ಷದಲ್ಲಿ ಆ ಮನೆಯವರು ಯಾರೂ ನನ್ನನ್ನು ಬೈದಿರಲಿಲ್ಲ. ಅದೇ ನಗುವಿನಲ್ಲಿ, ಯೋಚಿಸಲು ಸಮಯ ಸಿಗುವ ಮೊದಲೇ ಹೇಳಿಬಿಟ್ಟೆ.

"ಮಾಮ, ಪುತ್ತಿಗೆಯಲ್ಲಿ ಒಂದು ಮನೆ ನೋಡಿದ್ದೇನೆ. ನಾವು ಅಲ್ಲಿಗೆ ಹೋಗ್ತೇವೆ."

ಅವರು ನನ್ನ ಕೈ ಬಿಡಲಿಲ್ಲ. "ಗೊತ್ತುಂಟು" ಎಂದರು. "ನಿನ್ನ ಮಾಮಿಗೆ ಹಬ್ಬದ ಮೊದಲೇ ಗೊತ್ತಿತ್ತು. ಯಾವಾಗ ಹೋಗ್ತೀರಿ ಅಂತ ನಾವು ಕೇಳುವ ಹಾಗಿಲ್ಲ. ಕೇಳಿದರೆ ಪುದಿಯಾಪ್ಲೆಯನ್ನು ಹೊರಗೆ ಹಾಕಿದ ಹಾಗೆ ಆಗ್ತದೆ. ನೀನು ಹೇಳುವುದಿಲ್ಲ, ನಾವು ಕೇಳುವುದಿಲ್ಲ."

ಬೆವರಿನಿಂದ ಅವರ ಅಂಗಿ ಬೆನ್ನಿಗೆ ಅಂಟಿತ್ತು. ತೋಳಿನ ಗುಂಡಿಯವರೆಗೆ ಎಲ್ಲ ಹಾಕಿದ ತುಂಬುತೋಳಿನ ಅಂಗಿ, ಮೇ ತಿಂಗಳ ಮಧ್ಯಾಹ್ನದಲ್ಲಿ.

"ಒಂಬತ್ತು ವರ್ಷ ಆಯಿತು" ಎಂದರು, ಮನೆಯವರಿಗೆ ಕೇಳಿಸದಷ್ಟು ಮೆಲ್ಲಗೆ. "ನಾನು ನನ್ನ ಚಾವಡಿಯಲ್ಲಿ ಒಂದು ಬನಿಯನ್ ಹಾಕಿ ಕೂತಿಲ್ಲ."

ಆ ಕುರ್ಚಿಯಲ್ಲಿ ಕೂತು ನಾನೊಬ್ಬನೇ ಕಟ್ಟಿಹಾಕಲ್ಪಟ್ಟಿದ್ದೇನೆ ಎಂದುಕೊಂಡಿದ್ದೆ. ಎದುರಿನ ಸ್ಟೂಲಿನಲ್ಲಿದ್ದವರನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ನಾಚಿಕೆಯಾಯಿತು, ಹಗುರವೂ ಆಯಿತು. ಮರುದಿನ ಬೆಳಿಗ್ಗೆ ಊದಿದ ಕೈಯಲ್ಲೇ ಫೋನು ಹಿಡಿದು ಮನೆಯ ಯಜಮಾನರಿಗೆ ಬರುತ್ತೇವೆ ಎಂದೆ.

ಇದೆಲ್ಲ ನಡೆದು ಆರು ತಿಂಗಳಾಯಿತು. ಪುತ್ತಿಗೆಯ ಮನೆಯಲ್ಲಿ ನಾನು ಬಟ್ಟಲು ತೊಳೆಯುತ್ತೇನೆ, ಜೋರಾಗಿ ಆಕಳಿಸುತ್ತೇನೆ, ಹೆಂಡತಿಯ ಹತ್ತಿರ ದಿನಕ್ಕೆರಡು ಸಲ ಬೈಸಿಕೊಳ್ಳುತ್ತೇನೆ. ಪಾಣೆಮಂಗಳೂರಿಗೆ ಫೋನು ಮಾಡಿದಾಗ, ಬಾಪ ಈಗ ಬನಿಯನ್ನಿನಲ್ಲೇ ಪೇಪರು ಓದುತ್ತಾರೆ ಎಂದು ಭಾಗವತ ಹೇಳಿದ. ಕೇಳಿ ಸಮಾಧಾನವಾಯಿತು.

ಹೋದ ತಿಂಗಳು ಒಂದು ಭಾನುವಾರ ಅವರೆಲ್ಲ ನಮ್ಮಲ್ಲಿಗೆ ಬಂದರು. ಗೇಟಿನ ಸದ್ದು ಕೇಳಿದೊಡನೆ ನಾನು ಟೀವಿಯ ದನಿ ಇಳಿಸಿದೆ, ಎದ್ದು ನಿಂತೆ, ನಮ್ಮಲ್ಲಿರುವ ಒಂದೇ ಒಳ್ಳೆಯ ಕುರ್ಚಿಯನ್ನು ಮಾಮನಿಗೆ ಬಿಟ್ಟುಕೊಟ್ಟೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಗುಂಡಿಯೆಲ್ಲ ಕುತ್ತಿಗೆಯವರೆಗೆ. ಊಟಕ್ಕೆ ಬಂಗುಡೆ ಮೀನು ತಂದಿದ್ದೇನೆ ಎಂದು ಹೆಂಡತಿ ಹೇಳಿದಾಗ ನನಗೆ ಸಿಟ್ಟು ಬಂದು, ಓಡಿಹೋಗಿ ಮೂಡುಬಿದಿರೆಯ ಮಾರುಕಟ್ಟೆಯಿಂದ ಅಂಜಲು ತಂದೆ. ನಡುತುಂಡು ಯಾರ ಬಟ್ಟಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಊಟದ ಮೇಲೆ ಲಾಯಿಲದವನೂ ಬಂದ. ಆಟಕ್ಕೆ ಕೂತೆವು. ಮಾಮನೂ ಮೊದಲ ಸಲ ಒಬ್ಬ ಮನುಷ್ಯನನ್ನು ಮಾಡಿಕೊಂಡರು, ಮರದ ಡಿಪೋದ ಕಾವಲುಗಾರ, ಕೈಯಲ್ಲಿ ಬೆತ್ತ. ನಮ್ಮ ಮನೆಯೆಂದು ಆ ದಿನ ಕಥೆ ನಡೆಸುವ ಸರದಿ ನನ್ನದು. ರಟ್ಟಿನ ಮರೆ ನನ್ನ ಮುಂದಿತ್ತು. ಎರಡನೆಯ ಸುತ್ತಿನಲ್ಲಿ ಒಬ್ಬ ದರೋಡೆಕೋರ ಮಾಮನ ಕಾವಲುಗಾರನ ಮೇಲೆ ಕತ್ತಿ ಬೀಸಿದ. ನಾನು ದಾಳ ಉರುಳಿಸಿದೆ. ಹದಿನೆಂಟು. ನನ್ನ ಬಲಗೈಯ ಗೆಣ್ಣು ಈಗಲೂ ಸ್ವಲ್ಪ ನೋಯುತ್ತದೆ, ಆ ಕೈಯನ್ನೇ ದಾಳದ ಮೇಲೆ ಮುಚ್ಚಿ ಮಾಮನ ಮುಖ ನೋಡಿದೆ.

"ತಪ್ಪಿತು" ಎಂದೆ.

ಮಾಮ ನನ್ನ ಕೈಯನ್ನು ನೋಡಿದರು. ಆಮೇಲೆ ಕುತ್ತಿಗೆಯ ಗುಂಡಿಯನ್ನು ಒಮ್ಮೆ ಮುಟ್ಟಿ ಸರಿ ಮಾಡಿಕೊಂಡರು.

"ಈ ಮನೆಯಲ್ಲಿ ನನಗೆ ಪೆಟ್ಟು ಬೀಳುವುದಿಲ್ಲ ಅಂತ ಕಾಣ್ತದೆ" ಎಂದರು.

ನಾನು ಎದ್ದು ಹೋಗಿ ಅವರ ಕಡೆಗೆ ಫ್ಯಾನು ತಿರುಗಿಸಿದೆ.